ಪೀಪಿಗೆ ಎಷ್ಟು ಮಾರ್ಕ್ಸು?

ಶನಿವಾರದ ಬೆಳಗಿನ ಶಾಲೆ. ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೋ ಎಂದು ಹೊರಬಿದ್ದ ಮೇಲೆ ನಾನು ಪ್ರಯೋಗಶಾಲೆಯ ಕಪಾಟಿಗೆ ಬೀಗ ಹಾಕುತ್ತಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಬಾಗಿಲಲ್ಲಿ ನಿಂತಿದ್ದ. ವರ್ಗದಲ್ಲಿ ಕೊನೆಯ ಬೆಂಚಿನ ಹುಡುಗ. ತಾನಾಗಿ ಬಾಯಿ ಬಿಟ್ಟವನಲ್ಲ. ಏನಪ್ಪಾ ಎಂದೆ.

"ಸರ್, ಕದ್ರಿ ಗೋಪಾಲನಾಥ ಅವರದು ಒಂದ ಒಂದು ಕೇಳೂದಾದ್ರ ಯಾವದು ಕೇಳ್ಲಿರಿ? ಎಲ್ಲಾಕ್ಕಿಂತ ಛಲೋದು ಯಾವದೈತಿ?"

ನ್ಯೂಟನ್ನನ ನಿಯಮ ಕೇಳಬಹುದು, ಮುಂದಿನ ವಾರದ ಪರೀಕ್ಷೆಗೆ ಯಾವ ಪಾಠ ಎಂದು ಕೇಳಬಹುದು ಅಂದುಕೊಂಡಿದ್ದವನಿಗೆ ಇದು ಪಠ್ಯಕ್ರಮದ ಹೊರಗಿನ ಪ್ರಶ್ನೆ. ಒಂದೇ ಏಕೆ ಎಂದು ಕೇಳಿದೆ. ಮನೆಯಲ್ಲಿರುವುದು ಅಪ್ಪನ ಫೋನು. ಅದು ರಾತ್ರಿ ಅರ್ಧ ತಾಸು ಮಾತ್ರ ಅವನ ಕೈಗೆ ಬರುತ್ತದೆ. ಹುಡುಕುವುದರಲ್ಲೇ ಅರ್ಧ ತಾಸು ಮುಗಿದುಹೋಗುತ್ತದೆ. ಆದ್ದರಿಂದ ಸರ್ ಒಂದನ್ನು ಆರಿಸಿ ಹೇಳಿದರೆ ಅದನ್ನೇ ಹಿಡಿದು ಕೂಡುವುದು ಅವನ ಲೆಕ್ಕಾಚಾರ.

ಅವನ ಅಪ್ಪ ಬಬಲೇಶ್ವರ, ತಿಕೋಟಾ ಕಡೆಯ ಮದುವೆಗಳಿಗೆ ಹೋಗುವ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುವವರು. ಮದುವೆಯಿಲ್ಲದ ದಿನಗಳಲ್ಲಿ ದ್ರಾಕ್ಷಿ ತೋಟದ ಕೂಲಿ. ಬ್ಯಾಂಡಿನವರು ಎಲ್ಲಿಂದಲೋ ಒಂದು ಹಳೆಯ ಸ್ಯಾಕ್ಸೊಫೋನು ತಂದಿದ್ದರಂತೆ. ನುಡಿಸುವವರಿಲ್ಲದೆ ಮೂಲೆಯಲ್ಲಿ ಬಿದ್ದಿತ್ತು. ಈ ಹುಡುಗ ಅದನ್ನು ಎತ್ತಿಕೊಂಡಿದ್ದಾನೆ. ಹೇಗೋ ಊದಿ ಊದಿ ಸ್ವರ ಹಿಡಿದಿದ್ದಾನೆ.

"ಸೋಮವಾರ ಹೇಳತೀನಿ" ಎಂದು ಕಳಿಸಿಕೊಟ್ಟೆ. ಮೇಷ್ಟ್ರ ಚಟ ಇದು. ಗೊತ್ತಿಲ್ಲ ಎನ್ನುವ ಬದಲು ಸೋಮವಾರ ಎನ್ನುವುದು.

ಗೋಪಾಲನಾಥರ ಸ್ಯಾಕ್ಸೊಫೋನು ನನಗೆ ಹೊಸದೇನಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದಾಗ ಬಿಜಾಪುರದ ಅಂಗಡಿಯೊಂದರಲ್ಲಿ ಅವರ ಕರ್ನಾಟಕ ಸಂಗೀತ ಕಛೇರಿಯ ಕ್ಯಾಸೆಟ್ಟನ್ನು ಕೊಂಡಿದ್ದೆ. ನಮ್ಮದು ಹಿಂದುಸ್ತಾನಿಯ ಸೀಮೆ. ಕಿವಿಗೆ ಬಿದ್ದಿದ್ದು ವಚನ, ಭಜನೆ, ತತ್ವಪದ, ರೇಡಿಯೊದ ಮಲ್ಲಿಕಾರ್ಜುನ ಮನಸೂರರು, ಭೀಮಸೇನ ಜೋಶಿಯವರು. ಊದುವ ವಾದ್ಯವೆಂದರೆ ಸನಾದಿ. ರಾಜಕುಮಾರರ 'ಸನಾದಿ ಅಪ್ಪಣ್ಣ' 1977ರಲ್ಲಿ ಬಂದಾಗ ಅದರಲ್ಲಿ ಶಹನಾಯಿ ನುಡಿಸಿದವರು ಸ್ವತಃ ಬಿಸ್ಮಿಲ್ಲಾ ಖಾನರು. ಕಥೆ ನಮ್ಮ ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರದು. ಆ ಚಿತ್ರ ನೋಡಿ ಕಣ್ಣೀರು ಹಾಕಿದವರು ನಮ್ಮ ಓಣಿಯಲ್ಲಿ ಬೇಕಾದಷ್ಟಿದ್ದರು. ಅದೇ ಜನ ಮರುದಿನ ಸನಾದಿ ಊದುವವನು ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆಯೇ ಕೂಡಿಸಿ ಚಹಾ ಕೊಡುತ್ತಿದ್ದರು. ಅದೂ ನನಗೆ ನೆನಪಿದೆ.

ನಾನು ಆ ಕ್ಯಾಸೆಟ್ಟನ್ನು ಮನೆಯಲ್ಲಿ ಹಚ್ಚಿದಾಗ ನಮ್ಮ ತಂದೆಯವರು, "ಏನಿದು, ಮದುವಿ ಬ್ಯಾಂಡಿನ ಪೀಪಿ ತಂದೀ?" ಎಂದು ನಕ್ಕರು. ಹತ್ತು ನಿಮಿಷವಾದ ಮೇಲೆ ಪತ್ರಿಕೆ ಮಡಿಸಿಟ್ಟು ಕೇಳಿದರು. ಕದನಕುತೂಹಲ ರಾಗದ 'ರಘುವಂಶ ಸುಧಾ' ಬಂದಾಗ ಅವರ ಕಾಲು ತಾಳ ಹಾಕುತ್ತಿತ್ತು. ರಾಗದ ಹೆಸರು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೋಪಾಲನಾಥರ ಹಿನ್ನೆಲೆಯನ್ನು ನಾನು ಆಮೇಲೆ ತಿಳಿದುಕೊಂಡೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮರುಳಾದ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. 1980ರಲ್ಲಿ ಮುಂಬಯಿಯ 'ಜಾಝ್ ಯಾತ್ರಾ' ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆಗೆ ವೇದಿಕೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅಲ್ಲಿಗೆ ಹೋದ ಮೊದಲ ಕರ್ನಾಟಕ ಸಂಗೀತಗಾರ ಅವರೇ. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಇಂದು ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆ ಮಂಟಪಗಳಲ್ಲಿ ಸ್ಯಾಕ್ಸೊಫೋನು ನಾಗಸ್ವರದ ಪಕ್ಕದಲ್ಲಿ ಸಹಜವಾಗಿ ಕೂತಿದೆಯೆಂದರೆ ಅದರ ಹಿಂದೆ ಈ ಒಬ್ಬರ ಉಸಿರಿದೆ.

ಈಗ ಪ್ರಶ್ನೆಗೆ ಬರೋಣ. ಯಾವುದು ಎಲ್ಲಕ್ಕಿಂತ ಛಲೋದು?

ಭಾನುವಾರ ಬೆಳಿಗ್ಗೆ ಒಂದು ಹಾಳೆ ತೆಗೆದುಕೊಂಡು ಕೂತೆ. ವಿಜ್ಞಾನದ ಮೇಷ್ಟ್ರಿಗೆ ಕೋಷ್ಟಕ ಹಾಕದೆ ಯೋಚನೆ ಬರುವುದಿಲ್ಲ. ಐದು ವಿಷಯ ಮಾಡಿದೆ: ನಾದ, ಗಮಕ, ಜೊತೆಗಾರರು, ಧ್ವನಿಮುದ್ರಣ, ಹೊಸತನ. ಒಂದೊಂದಕ್ಕೆ ಇಪ್ಪತ್ತು ಮಾರ್ಕ್ಸು, ಒಟ್ಟು ನೂರು. ಪರೀಕ್ಷೆಗೆ ಕೂತವರು ನಾಲ್ವರು. ಮೊದಲನೆಯದು ನನ್ನ ಹಳೆಯ ಕಛೇರಿಯ ಕ್ಯಾಸೆಟ್ಟು. ಎರಡನೆಯದು 1994ರ ತಮಿಳು ಚಿತ್ರ 'ಡ್ಯುಯೆಟ್'. ಬಾಲಚಂದರ್ ನಿರ್ದೇಶನ, ಎ.ಆರ್. ರೆಹಮಾನ್ ಸಂಗೀತ, ನಾಯಕ ಸ್ಯಾಕ್ಸೊಫೋನ್ ವಾದಕ. ಪರದೆಯ ಮೇಲೆ ಅವನು ಊದಿದಾಗ ನಮಗೆ ಕೇಳಿಸುವ ಉಸಿರು ಗೋಪಾಲನಾಥರದು. ಮೂರನೆಯದು ಅಮೆರಿಕದ ಕೊಳಲುವಾದಕ ಜೇಮ್ಸ್ ನ್ಯೂಟನ್ನರ ಜೊತೆ ನುಡಿಸಿದ 'ಸದರ್ನ್ ಬ್ರದರ್ಸ್'. ನಾಲ್ಕನೆಯದು 2008ರ 'ಕಿನ್ಸ್‌ಮೆನ್', ಅಂದರೆ ಬಂಧುಗಳು.

ಈ ನಾಲ್ಕನೆಯದರ ಬಗ್ಗೆ ಎರಡು ಮಾತು ಹೇಳಬೇಕು. ರುದ್ರೇಶ ಮಹಂತಪ್ಪ ಎಂಬ ಜಾಝ್ ಸ್ಯಾಕ್ಸೊಫೋನ್ ವಾದಕರಿದ್ದಾರೆ. ಹುಟ್ಟಿದ್ದು ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ತಂದೆ ಕೆ.ಟಿ. ಮಹಂತಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಭೌತವಿಜ್ಞಾನಿಯ ಮಗ ಪೀಪಿ ಹಿಡಿದ ಎನ್ನುವುದೇ ನನಗೆ ಮೊದಲು ಇಷ್ಟವಾದ ಸಂಗತಿ. ಆತ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಸೋದರ ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಉಡುಗೊರೆ ಕೊಟ್ಟನಂತೆ. ಸ್ಯಾಕ್ಸೊಫೋನಿನಲ್ಲಿ ಭಾರತೀಯ ಸಂಗೀತ! ನಗಲೆಂದು ಕೊಟ್ಟದ್ದು ಗೋಪಾಲನಾಥರದಾಗಿತ್ತು. ಹಾಕಿ ಕೇಳಿದ ಹುಡುಗ ಬೆರಗಾದ. ಮುಂದೆ ವರ್ಷಗಳ ನಂತರ ಆತ ಅವರನ್ನು ಹುಡುಕಿಕೊಂಡು ಬಂದು ಇಬ್ಬರೂ ಕೂಡಿ ನುಡಿಸಿದ್ದೇ 'ಕಿನ್ಸ್‌ಮೆನ್'. ಅದರಲ್ಲಿ ಕನ್ಯಾಕುಮಾರಿಯವರ ಪಿಟೀಲೂ ಇದೆ, ಮೃದಂಗವೂ ಇದೆ, ಗಿಟಾರೂ ಡ್ರಮ್ಮೂ ಇವೆ. ನಮ್ಮ ತಂದೆಯವರ ನಗೆಯನ್ನೂ ಆ ಸೋದರನ ತಮಾಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಿಜಾಪುರಕ್ಕೂ ಬಾಸ್ಟನ್ನಿಗೂ ಅಷ್ಟೇನೂ ದೂರವಿಲ್ಲ ಅನ್ನಿಸುತ್ತದೆ.

ಮಾರ್ಕ್ಸು ಹಾಕಿದೆ. 'ಕಿನ್ಸ್‌ಮೆನ್'ಗೆ ಕ್ರಮವಾಗಿ 16, 16, 18, 18, 19. ಒಟ್ಟು 87. 'ಸದರ್ನ್ ಬ್ರದರ್ಸ್'ಗೆ 16, 15, 15, 18, 15. ಒಟ್ಟು 79. 'ಡ್ಯುಯೆಟ್'ಗೆ 17, 13, 14, 18, 14. ಒಟ್ಟು 76. ನನ್ನ ಹಳೆಯ ಕ್ಯಾಸೆಟ್ಟಿಗೆ 19, 19, 16, 9, 11. ಒಟ್ಟು 74. ಅದೇ ಕೊನೆ.

ಮನಸ್ಸು ಒಪ್ಪಲಿಲ್ಲ. ಮೂವತ್ತು ವರ್ಷ ನನ್ನ ಜೊತೆಗಿದ್ದದ್ದು ನಾಲ್ಕನೆಯ ಸ್ಥಾನಕ್ಕೆ ಬಿದ್ದಿತ್ತು. ಮತ್ತೆ ಯೋಚಿಸಿದೆ. ಐದೂ ವಿಷಯಕ್ಕೆ ಸಮನಾಗಿ ಇಪ್ಪತ್ತು ಮಾರ್ಕ್ಸು ಎಂದು ಹೇಳಿದವರು ಯಾರು? ನಾನೇ. ಸಂಗೀತದಲ್ಲಿ ನಾದ, ಗಮಕಗಳೇ ಮುಖ್ಯವಲ್ಲವೆ? ಅವೆರಡಕ್ಕೂ ತೂಕ ಇಮ್ಮಡಿ ಮಾಡಿ, ಧ್ವನಿಮುದ್ರಣ ಮತ್ತು ಹೊಸತನದ ತೂಕ ಅರ್ಧ ಮಾಡಿದೆ. ಈಗ ಒಟ್ಟು 120. ಹಳೆಯ ಕ್ಯಾಸೆಟ್ಟಿಗೆ 102, 'ಕಿನ್ಸ್‌ಮೆನ್'ಗೆ ನೂರೂವರೆ, ಉಳಿದೆರಡು ತೊಂಬತ್ತರ ಆಸುಪಾಸು. ಕೊನೆಯವನು ಮೊದಲಿಗನಾದ! ಒಂದು ಸ್ವರವೂ ಬದಲಾಗಿರಲಿಲ್ಲ, ಬದಲಾಗಿದ್ದು ನನ್ನ ಗುಣಾಕಾರ. ಪಾಲಕರು ಈ ಲೆಕ್ಕವನ್ನು ಒಮ್ಮೆ ಮನೆಯಲ್ಲಿ ಮಾಡಿ ನೋಡಬೇಕೆಂದು ನನ್ನ ವಿನಂತಿ. ಮಕ್ಕಳ ಅಂಕಪಟ್ಟಿಯಲ್ಲಿ ಯಾವ ವಿಷಯಕ್ಕೆ ಎಷ್ಟು ತೂಕವೆಂದು ಯಾರೋ ಎಲ್ಲೋ ಕೂತು ನಿಶ್ಚಯಿಸಿರುತ್ತಾರೆ. ನಾವು ಅದನ್ನು ನಿಸರ್ಗದ ನಿಯಮವೆಂದು ತಿಳಿದು ಮಗುವಿನ ಮೇಲೆ ಕೂಗಾಡುತ್ತೇವೆ.

ಇನ್ನೊಂದು ತಪ್ಪು ಆಮೇಲೆ ಹೊಳೆಯಿತು. ಕ್ಯಾಸೆಟ್ಟಿಗೆ ಧ್ವನಿಮುದ್ರಣದಲ್ಲಿ 9 ಮಾರ್ಕ್ಸು ಹಾಕಿದ್ದೆನಲ್ಲ, ಅದು ಕ್ಯಾಸೆಟ್ಟಿನ ತಪ್ಪೋ ನನ್ನ ಹಳೆಯ ಟೇಪ್ ರೆಕಾರ್ಡರಿನ ತಪ್ಪೋ? ಅದರ ತಲೆಗೆ ಮಣ್ಣು ಹಿಡಿದಿದೆ, ಬೆಲ್ಟು ಸಡಿಲವಾಗಿದೆ. ಅದೇ ಕೀರ್ತನೆಯನ್ನು ಮಗಳ ಫೋನಿನಲ್ಲಿ ಹುಡುಕಿ ಕೇಳಿದರೆ ನಾದ ತಿಳಿಯಾಗಿ ಬಂತು. ಅಳೆಯುವ ಉಪಕರಣದ ದೋಷವನ್ನು ಅಳೆದ ವಸ್ತುವಿನ ತಲೆಗೆ ಕಟ್ಟಬಾರದೆಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಪಾಠ ಮಾಡುವವನು ನಾನೇ.

ಆ ಸಂಜೆ ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನಿಗೆ ಫೋನು ಮಾಡಿದಾಗ ಈ ಸಂಗತಿ ಹೇಳಿ ನಗಾಡಿದೆ. ಅವನು ಪಾಶ್ಚಾತ್ಯ ಸಂಗೀತದ ಹುಚ್ಚ. "ಮಾಮಾ, ಇದೇ ಜಗಳ ನಮ್ಮಲ್ಲೂ ಐತಿ" ಎಂದು ಚಿಕಾಗೊ ಎಂಬ ತಂಡದ ಕಥೆ ಹೇಳಿದ. ರಾಕ್ ಸಂಗೀತವೆಂದರೆ ಗಿಟಾರು ಎಂಬ ಕಾಲದಲ್ಲಿ, 1967ರಲ್ಲಿ, ಚಿಕಾಗೊ ನಗರದ ಹುಡುಗರು ಟ್ರಂಪೆಟ್ಟು, ಟ್ರಾಂಬೋನು, ಸ್ಯಾಕ್ಸೊಫೋನು ಈ ಮೂರನ್ನು ಮುಂದಿಟ್ಟುಕೊಂಡು ತಂಡ ಕಟ್ಟಿದರು. 1969ರ ಮೊದಲ ಧ್ವನಿಮುದ್ರಿಕೆಗೆ ತಮ್ಮ ಊರಿನ ಸಾರಿಗೆ ಸಂಸ್ಥೆಯ ಹೆಸರನ್ನೇ ಇಟ್ಟರು. ನಮ್ಮ ಹುಡುಗರು ತಂಡ ಕಟ್ಟಿ ಕೆಂಪು ಬಸ್ಸಿನ ಸಂಸ್ಥೆಯ ಹೆಸರಿಟ್ಟ ಹಾಗೆ! ಸಂಸ್ಥೆಯವರು ತಕರಾರು ತೆಗೆದ ಮೇಲೆ ಹೆಸರು ಮೊಟಕಾಗಿ ಬರೀ ಚಿಕಾಗೊ ಎಂದಾಯಿತು. ಆಮೇಲಿನ ಧ್ವನಿಮುದ್ರಿಕೆಗಳಿಗೆ ಹೆಚ್ಚಾಗಿ ಹೆಸರೇ ಇಲ್ಲ, ಬರೀ ನಂಬರು. ಐದು, ಹತ್ತು, ಹದಿನೇಳು ಹೀಗೆ. 2022ರಲ್ಲಿ ಬಂದದ್ದು 38ನೆಯದು.

ಇವುಗಳಲ್ಲಿ ಯಾವುದು ಉತ್ತಮ ಎಂದು ಅಭಿಮಾನಿಗಳು ಐವತ್ತು ವರ್ಷದಿಂದ ಜಗಳಾಡುತ್ತಿದ್ದಾರಂತೆ. ಮಾರಾಟದ ಲೆಕ್ಕ ಹಿಡಿದರೆ ಮೊದಲ ನಂಬರು 1984ರ ಹದಿನೇಳನೆಯದಕ್ಕೆ. ಅಮೆರಿಕ ಒಂದರಲ್ಲೇ ಅರವತ್ತು ಲಕ್ಷ ಪ್ರತಿ ದಾಟಿದೆ. ಆದರೆ ಹಳೆಯ ಅಭಿಮಾನಿಗಳು ಅದನ್ನು ಮುಟ್ಟುವುದಿಲ್ಲ. ಏಕೆಂದರೆ ಅದರಲ್ಲಿ ಸಿಂಥಸೈಜರೂ ಮೆಲುದನಿಯ ಪ್ರೇಮಗೀತೆಗಳೂ ಮುಂದೆ ಬಂದು, ಯಾವ ತುತ್ತೂರಿಗಳಿಗಾಗಿ ತಂಡ ಹುಟ್ಟಿತ್ತೋ ಅವೇ ಹಿಂದೆ ಸರಿದಿವೆ. ಅವರ ಪ್ರಕಾರ ನಿಜವಾದ ಚಿಕಾಗೊ ಎಂದರೆ 1969ರ ಮೊದಲನೆಯದು, ಇಲ್ಲವೆ 1970ರ ಎರಡನೆಯದು. ಗಿಟಾರ್ ವಾದಕ ಟೆರಿ ಕ್ಯಾಥ್ ಬದುಕಿದ್ದ ಕಾಲದ್ದು. ಅವರು 1978ರಲ್ಲಿ ತೀರಿಕೊಂಡರು. ಅಳಿಯ ಎರಡನೆಯದನ್ನು ಕಳಿಸಿದ. ಕೇಳಿದೆ. ಮೂರು ತುತ್ತೂರಿಗಳು ಒಟ್ಟಿಗೆ ಎದ್ದಾಗ ನನಗೆ ನೆನಪಾದದ್ದು ಅಮೆರಿಕವಲ್ಲ, ನಮ್ಮೂರ ಮದುವೆಯ ಮೆರವಣಿಗೆ. ಕಂದೀಲುಗಳ ಬೆಳಕಿನಲ್ಲಿ ಹೊಳೆಯುವ ಹಿತ್ತಾಳೆ. ಹದಿನೇಳನೆಯದನ್ನೂ ಕೇಳಿದೆ. ಇಂಪಾಗಿದೆ. ಆದರೆ ತುತ್ತೂರಿಯವರು ಬೇರೆಯವರ ಮದುವೆಗೆ ಬಂದ ನೆಂಟರ ಹಾಗೆ ಬದಿಗೆ ನಿಂತಿದ್ದಾರೆ. ತನ್ನ ಸ್ವಂತದ್ದನ್ನು ಬದಿಗಿಟ್ಟು ಮೊದಲ ನಂಬರು ಬರುವುದು ತಂಡಗಳಿಗೆ ಮಾತ್ರ ಆಗುವ ಗತಿಯಲ್ಲ.

ಸೋಮವಾರ ಹುಡುಗನಿಗೆ ಉತ್ತರ ಹೇಳಲಿಲ್ಲ. ಅದರ ಬದಲು, ಬುಧವಾರ ಧ್ವನಿಯ ಪಾಠವಿದೆ, ನಿನ್ನ ಸ್ಯಾಕ್ಸೊಫೋನೂ ಅಪ್ಪನ ಕ್ಲಾರಿಯೊನೆಟ್ಟೂ ತರುತ್ತೀಯಾ ಎಂದು ಕೇಳಿದೆ. ತಂದ. ಹಳೆಯ ಸೀರೆಯಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು.

ನಾನು ವರ್ಗಕ್ಕೆ ಮೊದಲು ಒಂದು ಒಗಟು ಹಾಕಿದೆ. ಸ್ಯಾಕ್ಸೊಫೋನು ಹಿತ್ತಾಳೆಯದು. ಆದರೂ ಅದನ್ನು ಕೊಳಲು, ಕ್ಲಾರಿಯೊನೆಟ್ಟುಗಳ ಮರದ ವಾದ್ಯಗಳ ಗುಂಪಿಗೆ ಸೇರಿಸುತ್ತಾರೆ. ಏಕೆ? ತುತ್ತೂರಿಯಲ್ಲಿ ನಡುಗುವುದು ನುಡಿಸುವವನ ತುಟಿ. ಇದರಲ್ಲಿ ನಡುಗುವುದು ಬೆತ್ತದ ಜಾತಿಯ ಹುಲ್ಲಿನಿಂದ ಕೆತ್ತಿದ ತೆಳು ನಾಲಗೆ. ವಾದ್ಯದ ಜಾತಿ ನಿಶ್ಚಯವಾಗುವುದು ಮೈಯ ಬಣ್ಣದಿಂದಲ್ಲ, ಧ್ವನಿ ಹುಟ್ಟುವ ಬಗೆಯಿಂದ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ ಇದನ್ನು ಮಾಡಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ. ವಾದ್ಯಕ್ಕೆ ಅವನ ಹೆಸರೇ ಉಳಿಯಿತು.

"ಎರಡಕ್ಕೂ ನಾಲಗಿ ಒಂದೇ ಐತಲ್ಲ, ಹಂಗಾದ್ರ ವ್ಯತ್ಯಾಸ ಏನು?" ಎಂದು ನಾನು ವರ್ಗವನ್ನು ಕೇಳಿದೆ. ಕೊನೆಯ ಬೆಂಚಿನ ಹುಡುಗ ಎದ್ದು ನಿಂತ.

"ಸರ್, ಬೆರಳ ಹಂಗ ಇಟ್ಟು ಜೋರ ಮಾಡಿ ಮ್ಯಾಲಿನ ಸ್ವರಕ್ಕ ಹಾರಿಸಿದ್ರ ಸ್ಯಾಕ್ಸೊಫೋನಿನ್ಯಾಗ ಸಾ ಅನ್ನೂದು ಮ್ಯಾಲಿನ ಸಾ ಆಗತೈತ್ರಿ. ಕ್ಲಾರಿಯೊನೆಟ್ಟಿನ್ಯಾಗ ಅದು ಸಾ ಆಗೂದಿಲ್ರಿ, ಅದನ್ನೂ ದಾಟಿ ಮ್ಯಾಲಿನ ಪಾ ಆಗತೈತಿ. ಯಾಕಂತ ಅಪ್ಪಗೂ ಗೊತ್ತಿಲ್ಲ."

ನುಡಿಸಿ ತೋರಿಸಿದ. ನನಗೆ ಮೈ ಜುಮ್ಮೆಂದಿತು. ಅವನು ಹೇಳಿದ್ದು ಪದವಿ ತರಗತಿಯ ಭೌತವಿಜ್ಞಾನ. ಕ್ಲಾರಿಯೊನೆಟ್ಟಿನ ಒಳಕೊಳವೆ ಒಂದೇ ಅಗಲದ ನಳಿಗೆ. ಬಾಯಿಯ ಕಡೆ ಮುಚ್ಚಿದಂತೆ ವರ್ತಿಸುತ್ತದೆ. ಅಂಥ ನಳಿಗೆಯಲ್ಲಿ ಮೂಲ ಕಂಪನದ ಮೂರು ಪಟ್ಟು, ಐದು ಪಟ್ಟು ಹೀಗೆ ಬೆಸಸಂಖ್ಯೆಯ ಕಂಪನಗಳೇ ಬಲವಾಗಿ ನಿಲ್ಲುತ್ತವೆ. ಹಾರಿಸಿದಾಗ ಎರಡು ಪಟ್ಟನ್ನು ಬಿಟ್ಟು ನೇರವಾಗಿ ಮೂರು ಪಟ್ಟಿಗೆ ಹೋಗುತ್ತದೆ. ಎರಡು ಪಟ್ಟು ಎಂದರೆ ಮೇಲಿನ ಸಾ, ಮೂರು ಪಟ್ಟು ಎಂದರೆ ಅದರಾಚೆಯ ಪಾ. ಸ್ಯಾಕ್ಸೊಫೋನಿನ ಕೊಳವೆಯಾದರೋ ಬಾಯಿಯಿಂದ ಕೆಳಗೆ ಅಗಲವಾಗುತ್ತ ಹೋಗುವ ಶಂಕು. ಶಂಕುವಿನಲ್ಲಿ ಎರಡು, ಮೂರು, ನಾಲ್ಕು ಎಲ್ಲ ಪಟ್ಟುಗಳೂ ಬರುತ್ತವೆ. ಸನಾದಿಯೂ ಶಂಕು, ನಾಗಸ್ವರವೂ ಶಂಕು. ನೋಡಲು ಪರದೇಶಿಯಾದ ಸ್ಯಾಕ್ಸೊಫೋನು ಒಳಗಿನ ಆಕಾರದಲ್ಲಿ ಕ್ಲಾರಿಯೊನೆಟ್ಟಿಗಿಂತ ನಮ್ಮ ಸನಾದಿಗೆ ಹತ್ತಿರದ ಬಂಧು. ನಾಗಸ್ವರದವರ ಮನೆಯ ಹುಡುಗನಿಗೆ ಅರಮನೆಯ ಬ್ಯಾಂಡಿನಲ್ಲಿ ಅದು ಕರೆದದ್ದು ಆಶ್ಚರ್ಯವಲ್ಲ.

ಆದರೆ ಒಂದು ದೊಡ್ಡ ತೊಡಕಿದೆ. ನಾಗಸ್ವರದ ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು. ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೊಫೋನಿನ ರಂಧ್ರಗಳ ಮೇಲೆ ಕೀಲಿಗಳಿವೆ. ವಿದ್ಯುತ್ ಸ್ವಿಚ್ಚಿನ ಹಾಗೆ ತೆರೆ, ಇಲ್ಲವೆ ಮುಚ್ಚು. ನಡುವೆ ಏನೂ ಇಲ್ಲ. ಗಮಕವಿರುವುದೇ ಆ ನಡುವೆ. ಅದನ್ನು ತುಟಿಯ ಒತ್ತಡದಿಂದ, ಬಾಯೊಳಗಿನ ಅವಕಾಶದಿಂದ, ಉಸಿರಿನಿಂದ ಹುಟ್ಟಿಸಬೇಕು. ಗೋಪಾಲನಾಥರು ವರ್ಷಗಟ್ಟಲೆ ಗುದ್ದಾಡಿದ್ದು ಇದಕ್ಕಾಗಿ. ಈ ಸಂಗತಿ ತಿಳಿದ ಮೇಲೆ ನನ್ನ ಕೋಷ್ಟಕದಲ್ಲಿ ಗಮಕದ ತೂಕ ಏಕೆ ಹೆಚ್ಚಾಗಬೇಕೆಂದು ನನಗೇ ಸ್ಪಷ್ಟವಾಯಿತು.

ಆ ದಿನ ಗಂಟೆ ಹೊಡೆದದ್ದು ಯಾರಿಗೂ ಬೇಕಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎರಡು ದಿನ ಬಿಟ್ಟು ಹುಡುಗನ ತಂದೆ ಶಾಲೆಗೆ ಬಂದರು. ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತರು. ಕೂಡಿರಿ ಎಂದರೂ ಕೂಡಲಿಲ್ಲ.

"ಸರ್, ನೀವ ಅವನ್ನ ವರ್ಗದಾಗ ಊದಸಿದ್ರೆಂತ. ತಪ್ಪು ತಿಳಕೋಬ್ಯಾಡ್ರಿ. ನಾ ಮೂವತ್ತು ವರ್ಷ ಊದೀನಿ. ಮಂದಿ ಊಟ ಆದ ಮ್ಯಾಲೆ ನಮಗ ಊಟ. ಕುಡಿದ ಹುಡುಗೂರು ನೋಟ ಎಸೀತಾರ, ಅದನ್ನ ಬಗ್ಗಿ ಆರಿಸಬೇಕು. ಈಗ ಡಿಜೆ ಬಂದ ಮ್ಯಾಲೆ ಅದೂ ಇಲ್ಲ. ಇವ ಓದಿ ಒಂದ ನೌಕರಿ ಹಿಡೀಲಿ. ನಿಮ್ಮ ಮಾತ ಕೇಳತಾನ. ಬಿಡು ಅಂತ ಒಂದ ಮಾತ ಹೇಳ್ರಿ."

ನನ್ನ ಬಾಯಿ ಕಟ್ಟಿತು. ಏಕೆಂದರೆ ಆ ಒಂದು ಮಾತನ್ನು ನಾನು ಹಿಂದೊಮ್ಮೆ ಹೇಳಿದ್ದೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಇನ್ನೊಬ್ಬ ಹುಡುಗ, ಸನಾದಿಯವರ ಮನೆಯವನು. ಅಜ್ಜನಿಂದ ಕಲಿತು ಬಹಳ ಚೆನ್ನಾಗಿ ನುಡಿಸುತ್ತಿದ್ದ. ಪರೀಕ್ಷೆ ಮುಗಿಯುವ ತನಕ ಅದನ್ನು ಮುಟ್ಟಬೇಡ, ಮುಂದೆ ಬೇಕಾದಷ್ಟು ಕಾಲ ಇದೆ ಎಂದಿದ್ದೆ. ವಿಧೇಯ ಹುಡುಗ. ಮುಟ್ಟಲಿಲ್ಲ. ಪ್ರಥಮ ದರ್ಜೆಯಲ್ಲಿ ಪಾಸಾದ. ಇಂದು ನೌಕರಿಯಲ್ಲಿದ್ದಾನೆ, ಮನೆ ಕಟ್ಟಿಸಿದ್ದಾನೆ. ಸಿಕ್ಕಾಗ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಒಮ್ಮೆ ಸನಾದಿ ನುಡಿಸುತ್ತೀಯಾ ಎಂದು ಕೇಳಿದೆ. "ಇಲ್ರಿ ಸರ್, ಅಜ್ಜ ಹೋದ, ಅದೂ ಹೋತು" ಎಂದು ನಕ್ಕ. ಅವನು ನನ್ನನ್ನು ದೂರಲಿಲ್ಲ. ದೂರಿದ್ದರೆ ಸಮಾಧಾನವಾಗುತ್ತಿತ್ತು. ನನ್ನ ಸಲಹೆ ತಪ್ಪಾಗಿತ್ತು ಎಂದು ಇಂದಿಗೂ ಹೇಳಲಾರೆ. ನೌಕರಿ ಸಣ್ಣ ಮಾತಲ್ಲ. ಆದರೆ ಅಜ್ಜನ ಕೈಯಲ್ಲಿದ್ದ ರಾಗಗಳೆಲ್ಲ ಅಲ್ಲಿಗೇ ನಿಂತವು, ಅದಕ್ಕೆ ಯಾವ ಮರುಪರೀಕ್ಷೆಯೂ ಇಲ್ಲ.

ಗೋಳಗುಮ್ಮಟದ ಮುಂದೆ ನಗಾರಖಾನೆಯಿದೆ. ನಗಾರಿ, ಶಹನಾಯಿಗಳಿಗೆಂದೇ ಕಟ್ಟಿದ ಕಟ್ಟಡ. ಈಗ ಅದು ವಸ್ತುಸಂಗ್ರಹಾಲಯ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋದಾಗ ಗುಮ್ಮಟದ ಪ್ರತಿಧ್ವನಿಯನ್ನು ವಿವರಿಸುತ್ತೇನೆ. 'ಕಿತಾಬ್-ಎ-ನವರಸ್' ಬರೆದ ಎರಡನೆಯ ಇಬ್ರಾಹಿಂ ಆದಿಲಶಾಹನ ಸಂಗೀತದ ಹುಚ್ಚಿನ ಕಥೆ ಹೇಳುತ್ತೇನೆ. ನಗಾರಖಾನೆಯಲ್ಲಿ ಈಗ ಏಕೆ ಯಾರೂ ಊದುವುದಿಲ್ಲ ಎಂದು ಒಬ್ಬ ಮಗುವೂ ಕೇಳಿಲ್ಲ. ನಾನೂ ಹೇಳಿಲ್ಲ.

ಆ ತಂದೆಗೆ ನಾನು ಹೇಳಿದ್ದು ಇಷ್ಟು. "ಬಿಡು ಅಂತ ಹೇಳೂದಿಲ್ಲ. ಆದರೆ ರಾತ್ರಿಯ ಮೆರವಣಿಗೆಗೆ ಈ ವರ್ಷ ಕರಕೊಂಡು ಹೋಗಬ್ಯಾಡ್ರಿ. ದಿನಾ ಸಂಜೆ ಅರ್ಧ ತಾಸು ಮನೆಯಾಗ ಊದಲಿ. ಉಳಿದ ಹೊತ್ತು ಓದಲಿ. ಗಣಿತ, ವಿಜ್ಞಾನ ಎರಡಕ್ಕೂ ನಾ ಜವಾಬ್ದಾರ." ಅವರು ಬಹಳ ಹೊತ್ತು ಸುಮ್ಮನಿದ್ದು, "ಊದೂದರಿಂದ ಮಾರ್ಕ್ಸ್ ಏನಾರ ಬೀಳತಾವೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಹಂಗಾದ್ರೂ ಆಗಲಿ ಬಿಡ್ರಿ" ಎಂದರು. ಒಪ್ಪಿದರೋ ನನ್ನ ಮಾತು ತೆಗೆಯಲಾರದೆ ಹೋದರೋ ತಿಳಿಯದು.

ಈಗ ಹುಡುಗನಿಗೆ ಕೊಡಬೇಕಾದ ಉತ್ತರ ಬಾಕಿ. ಅವನನ್ನು ಕರೆದು ಕೋಷ್ಟಕ ತೋರಿಸಿದೆ. ಎಲ್ಲಕ್ಕಿಂತ ಉತ್ತಮ ಯಾವುದೆಂದು ಕೇಳುವ ಮೊದಲು ಯಾರಿಗೆ, ಯಾವುದಕ್ಕೆ ಎಂದು ಕೇಳಬೇಕು ಎಂದೆ. ಸ್ಯಾಕ್ಸೊಫೋನು ಎಲ್ಲೆಲ್ಲಿಗೆ ಹೋಗಬಲ್ಲದು ಎಂದು ನೋಡುವವನಿಗೆ 'ಕಿನ್ಸ್‌ಮೆನ್'. ಸಂಗೀತವೇ ಬೇಡ ಎನ್ನುವವನನ್ನು ಹತ್ತಿರ ಕರೆಯಲು 'ಡ್ಯುಯೆಟ್'. ಕೊಳಲಿನ ಜೊತೆಗಿನ ಮಾತುಕತೆ ಬೇಕೆಂದರೆ 'ಸದರ್ನ್ ಬ್ರದರ್ಸ್'. ಆದರೆ ನೀನು ಕಲಿಯುವವನು. ನಿನಗೆ ನನ್ನ ಹಳೆಯ ಕ್ಯಾಸೆಟ್ಟಿನಂಥ ಸಾದಾ ಕಛೇರಿ. ಒಂದು ಸ್ಯಾಕ್ಸೊಫೋನು, ಒಂದು ಪಿಟೀಲು, ಒಂದು ಮೃದಂಗ. ಅದರಲ್ಲಿ ಮರೆಮಾಚಲು ಏನೂ ಇಲ್ಲ. ಉಸಿರು ಎಲ್ಲಿ ತೆಗೆದುಕೊಂಡರು, ಸ್ವರವನ್ನು ಎಲ್ಲಿ ಬಾಗಿಸಿದರು ಎಂಬುದು ಕೇಳುತ್ತದೆ. ನನ್ನ ಮೊದಲ ನಂಬರು ಅದಕ್ಕೇ. 'ರಘುವಂಶ ಸುಧಾ'ದಿಂದ ಶುರು ಮಾಡು.

ಹುಡುಗ ತಲೆ ಕೆರೆದುಕೊಂಡ. "ಅದನ್ನ ಕೇಳೀನ್ರಿ ಸರ್. ಭಾಳ ಜೋರ ಹೋಗತಾರ. ಅದಕ್ಕ ಫೋನಿನ್ಯಾಗ ಅರ್ಧ ವೇಗಕ್ಕ ಇಟ್ಟು ಕೇಳತೀನಿ."

ನಮ್ಮ ಕಾಲದಲ್ಲಿ ಟೇಪನ್ನು ಅರ್ಧ ವೇಗದಲ್ಲಿ ಓಡಿಸಿದರೆ ಕಂಪನಸಂಖ್ಯೆಯೂ ಅರ್ಧವಾಗಿ ಸ್ವರ ಒಂದು ಸಪ್ತಕ ಕೆಳಗಿಳಿದು ಎಮ್ಮೆ ಕೂಗಿದ ಹಾಗೆ ಕೇಳುತ್ತಿತ್ತು. ಈಗಿನ ಫೋನು ವೇಗ ತಗ್ಗಿಸಿಯೂ ಶ್ರುತಿಯನ್ನು ಇದ್ದಲ್ಲೇ ಇಡುತ್ತದೆ. ನನಗೆ ಈ ಅನುಕೂಲ ಇದೆಯೆಂದೇ ಹೊಳೆದಿರಲಿಲ್ಲ. ಅವನು ಒಂದೇ ಸಾಲನ್ನು ಅರ್ಧ ವೇಗದಲ್ಲಿ ರಾತ್ರಿ ಹತ್ತಾರು ಸಲ ಕೇಳಿ, ಬೆಳಿಗ್ಗೆ ಬಾಯಲ್ಲಿ ಹಾಡಿ, ಸಂಜೆ ಊದುತ್ತಾನಂತೆ. ಹೀಗೆ ಕಲಿಯುವವನು ನನ್ನ ವರ್ಗದಲ್ಲಿ ಕೊನೆಯ ಬೆಂಚಿನಲ್ಲಿ ಮೌನವಾಗಿ ಕೂತಿದ್ದ. ಅವನ ಅಂಕಪಟ್ಟಿಯಲ್ಲಿ ಅದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಅದೇ ಉಪಾಯವನ್ನು ವಿಜ್ಞಾನಕ್ಕೂ ಹಚ್ಚೋಣವೆಂದೆ. ಒಂದು ಸಮೀಕರಣ, ಒಂದು ಚಿತ್ರ, ಅರ್ಧ ವೇಗದಲ್ಲಿ ಹತ್ತು ಸಲ. ಈಗ ನಡೆದಿದೆ. ಕಿರುಪರೀಕ್ಷೆಯಲ್ಲಿ ಸ್ವಲ್ಪ ಸುಧಾರಿಸಿದ್ದಾನೆ. ಬಹಳವೇನಲ್ಲ. ಗಣಿತ ಇನ್ನೂ ಕಷ್ಟವೇ. ಮುಂದಿನ ಪರೀಕ್ಷೆ ಏನಾಗುವುದೋ ನೋಡಬೇಕು. ಜವಾಬ್ದಾರಿ ಹೊತ್ತವನಿಗೆ ರಾತ್ರಿ ಒಮ್ಮೊಮ್ಮೆ ನಿದ್ದೆ ಬರುವುದಿಲ್ಲ.

ಕೋಷ್ಟಕದ ಹಾಳೆಯನ್ನು ಅವನು ಕೇಳಿ ತೆಗೆದುಕೊಂಡು ಹೋಗಿದ್ದ. ಮೊನ್ನೆ ಅವನ ವಿಜ್ಞಾನದ ಪುಸ್ತಕದಲ್ಲಿ ಅದು ಸಿಕ್ಕಿತು. ನನ್ನ ಮಾರ್ಕ್ಸುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸ್ವರಗಳನ್ನು ಬರೆದುಕೊಂಡಿದ್ದಾನೆ. ಹಾಳೆ ಖಾಲಿಯಿತ್ತಲ್ಲ ಸರ್, ಎಂದ.